ಫೋರ್ಡ್ ಒಡಲಿನಲ್ಲಿ ಷೆವರ್ಲೆ ಎಂಜಿನ್: ಒಂಬತ್ತು ವರ್ಷ, 38,000 ಮೈಲಿಯ ಬಳಕೆಯ ನಂತರ

ಕಳೆದ ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಈ ಕಾರಿನಲ್ಲೇ ಹೋಗಿದ್ದೆ. ಮಗನ ಮನೆಗೆಂದು ಸಕಲೇಶಪುರದಿಂದ ಬಂದಿದ್ದ ಹಿರಿಯರೊಬ್ಬರು ಊಟ ಮುಗಿಸಿ ಬಂದು, ಬಾನೆಟ್ ತೆಗೆಸಿ, ಬಗ್ಗಿ ನೋಡಿದರು. ಕಾಫಿ ತೋಟದ ಜೀಪಿಗೆ ಬೇರೆ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಿಕೊಂಡು ಇಪ್ಪತ್ತು ವರ್ಷ ಓಡಿಸಿದವರಂತೆ. ಎಷ್ಟು ಅಶ್ವಶಕ್ತಿ ಎಂದು ಅವರು ಕೇಳಲಿಲ್ಲ. "ಮೌಂಟಿಂಗ್ ಯಾರು ಕಟ್ಟಿದ್ದು?" ಎಂದರು. ಎಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಆಸರೆ ಅದು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅದಕ್ಕೆ ಅಂದು ಕೊಟ್ಟ ಅರ್ಧ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕಾರು 1932ರ ಫೋರ್ಡ್, ಐದು ಕಿಟಕಿಯ ಕೂಪೆ, ಅಂದರೆ ಎರಡು ಬಾಗಿಲಿನ ಪುಟ್ಟ ಕಾರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 2016ರ ಬೇಸಿಗೆಯಲ್ಲಿ ಕೊಂಡೆ. ಒಳಗಿರುವುದು ಷೆವರ್ಲೆಯ 350 ಘನ ಅಂಗುಲದ, ಅಂದರೆ 5.7 ಲೀಟರಿನ ವಿ8, ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ಎಪ್ಪತ್ತರ ದಶಕದ ಒಂದು ಪಿಕಪ್ ಗಾಡಿಯಿಂದ ಇಳಿಸಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದ್ದು. ಅದರ ಹಿಂದೆ ಜನರಲ್ ಮೋಟರ್ಸ್‌ನ 700ಆರ್4 ಆಟೊಮ್ಯಾಟಿಕ್ ಗೇರ್ ಬಾಕ್ಸ್. ಇನ್ನೂ ಹಿಂದೆ, ಹಿಂಚಕ್ರಗಳಿಗೆ ಶಕ್ತಿ ಹಂಚುವ ಫೋರ್ಡಿನದೇ 9 ಅಂಗುಲದ ಡಿಫರೆನ್ಷಿಯಲ್. ಸ್ಟಿಯರಿಂಗ್ ಬಾಕ್ಸ್ ಮತ್ತೆ ಷೆವರ್ಲೆಯದು, 1970ರ ದಶಕದ ವೇಗಾ ಎಂಬ ಪುಟ್ಟ ಕಾರಿನದು.

ಫೋರ್ಡಿಗೆ ಅದರ ಕಡುವೈರಿಯ ಎಂಜಿನ್ ಏಕೆ? 1932ರಲ್ಲಿ ಈ ಕಾರಿನೊಳಗಿದ್ದ, ಕವಾಟಗಳು ಸಿಲಿಂಡರಿನ ಪಕ್ಕದಲ್ಲೇ ಇರುವ ಫೋರ್ಡಿನ ಫ್ಲಾಟ್‌ಹೆಡ್ ವಿ8 ತನ್ನ ಕಾಲದ ಅದ್ಭುತ. ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ಎಂಟು ಸಿಲಿಂಡರ್, 221 ಘನ ಅಂಗುಲ, 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ಮೇಲೆ ಕಾರು ಓಡಿಸಿದ ಹುಡುಗರು, ಹಳೆಯ ಕಾರನ್ನು ವೇಗಕ್ಕೆ ಅಣಿಗೊಳಿಸುವ ಹಾಟ್ ರಾಡ್ ಎಂಬ ಕಲೆಯನ್ನು ಕಟ್ಟಿದ್ದು ಹೆಚ್ಚಾಗಿ ಆ ಎಂಜಿನ್ನನ್ನು ನಂಬಿಕೊಂಡೇ. ಆದರೆ ಅದರ ಹೊಟ್ಟೆಯಲ್ಲೇ ಒಂದು ದೋಷವಿತ್ತು. ಸುಟ್ಟ ಅನಿಲ, ಸಿಲಿಂಡರ್‌ಗಳಿರುವ ಮುಖ್ಯ ಎರಕವಾದ ಬ್ಲಾಕಿನೊಳಗಿನಿಂದಲೇ ಹಾದು ಹೊರಬರಬೇಕು. ಒಂದೊಂದು ಬದಿಯ ನಾಲ್ಕು ಸಿಲಿಂಡರ್‌ಗಳಿಗೆ ಮೂರೇ ಬಾಯಿ, ನಡುವಿನ ಎರಡಕ್ಕೂ ಸೇರಿ ಒಂದು. ಆ ಬಿಸಿಯೆಲ್ಲ ತಣಿಸುವ ನೀರಿಗೇ ಇಳಿಯುತ್ತದೆ. ಶಕ್ತಿ ಹೆಚ್ಚಿಸಿದಷ್ಟೂ ರೇಡಿಯೇಟರ್ ಕುದಿಯುತ್ತಿತ್ತು.

1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್, 1951ರಲ್ಲಿ ಕ್ರೈಸ್ಲರ್ ಕವಾಟಗಳು ಮೇಲಿರುವ ಹೊಸ ವಿ8ಗಳನ್ನು ತಂದವು. ಜನ ಅವನ್ನೂ ಫೋರ್ಡಿಗೆ ಕೂರಿಸಿದರು. ಬಲ ಬಂತು, ಮೂತಿಯ ಭಾರವೂ ಬಂತು. 1955ರ ಮಾದರಿಗೆ ಷೆವರ್ಲೆ ತಂದ 265 ಘನ ಅಂಗುಲದ ಎಂಜಿನ್ ಈ ಲೆಕ್ಕವನ್ನೇ ಬದಲಿಸಿತು. ಎಡ್ ಕೋಲ್ ಅವರ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ಅದರ ಎರಕ ತೆಳು, ಕವಾಟ ಒತ್ತುವ ರಾಕರ್‌ಗಳು ತಗಡು ಅಚ್ಚೊತ್ತಿ ಮಾಡಿದವು, ಅವುಗಳಿಗೆ ಉದ್ದನೆಯ ಶಾಫ್ಟ್ ಬೇಕಿಲ್ಲ. ತೂಕ ಸುಮಾರು 260 ಕಿಲೊ. ಮೊದಲ ವರ್ಷವೇ 162 ಅಶ್ವಶಕ್ತಿ, ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಇದ್ದರೆ 180. 1967ರ ಹೊತ್ತಿಗೆ ಅದೇ ಬ್ಲಾಕ್ 350 ಘನ ಅಂಗುಲಕ್ಕೆ ಬೆಳೆದಿತ್ತು. ಈ ವಂಶದ ಹತ್ತು ಕೋಟಿಯನೆಯ ಎಂಜಿನ್ ತಯಾರಾದದ್ದು 2011ರಲ್ಲಿ. ಬಿಡಿಭಾಗಕ್ಕೆ ಅಲೆಯಬೇಕಾಗುತ್ತದೆಯೇ ಎಂದು ಕೇಳುವವರಿಗೆ ಅಷ್ಟು ಹೇಳಿದರೆ ಸಾಕು.

ಫೋರ್ಡಿಗೆ ಫೋರ್ಡ್ ಎಂಜಿನ್ನೇ ಇರಬೇಕು ಎನ್ನುವವರು ಫೋರ್ಡಿನದೇ 302 ಘನ ಅಂಗುಲದ ವಿ8 ಹಾಕಬಹುದಿತ್ತಲ್ಲ ಎನ್ನುತ್ತಾರೆ. ಒಳ್ಳೆಯ ಎಂಜಿನ್ ಅದು, ಷೆವರ್ಲೆಗಿಂತ ಅಗಲವೂ ಕಡಿಮೆ. ಆದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಅದರ ಡಿಸ್ಟ್ರಿಬ್ಯೂಟರ್ ಮುಂದಿದೆ, ವಾಟರ್ ಪಂಪ್ ಮುಂದಕ್ಕೆ ಚಾಚಿದೆ. 1932ರ ಕಾರಿನ ಬಾನೆಟ್ಟಿನ ಕೆಳಗೆ ಒಂದೊಂದು ಅಂಗುಲಕ್ಕೂ ಬೆಲೆ. ಫ್ಯಾನಿಗೆ ಜಾಗ ಉಳಿಯುವುದಿಲ್ಲ. ಷೆವರ್ಲೆಯ ಗಿಡ್ಡ ವಾಟರ್ ಪಂಪ್ ಅಲ್ಲಿ ಸಲೀಸಾಗಿ ಕೂರುತ್ತದೆ. ಅದರ ಡಿಸ್ಟ್ರಿಬ್ಯೂಟರ್ ಮಾತ್ರ ಹಿಂದಿದೆ. ಡ್ಯಾಶ್‌ಬೋರ್ಡಿನ ಮುಂದಿನ ತಗಡಿಗೂ ಅದಕ್ಕೂ ನನ್ನ ಕಾರಿನಲ್ಲಿ ಬೆರಳು ತೂರುವಷ್ಟೇ ಸಂದು. ದೊಡ್ಡ ಮುಚ್ಚಳದ ಡಿಸ್ಟ್ರಿಬ್ಯೂಟರ್ ಬೇಕೆಂದರೆ ಆ ತಗಡನ್ನು ಒಳಕ್ಕೆ ತಗ್ಗಿಸಬೇಕು. ತೊಂಬತ್ತು ವರ್ಷ ಬಾಳಿದ ತಗಡಿಗೆ ಗರಗಸ ಹಾಕಲು ನನಗೆ ಮನಸ್ಸು ಬರಲಿಲ್ಲ. ಸಣ್ಣ ಮುಚ್ಚಳದ್ದನ್ನೇ ಇಟ್ಟುಕೊಂಡಿದ್ದೇನೆ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಒಂಬತ್ತು ವರ್ಷಗಳಲ್ಲಿ ಎಂಜಿನ್ ತಾನಾಗಿ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದ್ದಿಲ್ಲ. ಗೇರ್ ಬಾಕ್ಸೂ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಕಾಡಿದ್ದೆಲ್ಲ ಇವುಗಳ ನಡುವಿನ ಬೆಸುಗೆಗಳು.

ಮೊದಲ ವರ್ಷವೇ ಗಂಟೆಗೆ 60 ಮೈಲಿ ದಾಟಿದೊಡನೆ ಸೀಟಿನ ಕೆಳಗೆ ಗುಂಯ್ ಎನ್ನುವ ನಡುಕ ಶುರುವಾಗುತ್ತಿತ್ತು. ಚಕ್ರ ಬ್ಯಾಲೆನ್ಸ್ ಮಾಡಿಸಿದೆ, ಟೈರ್ ಬದಲಿಸಿದೆ, ಗೇರ್ ಬಾಕ್ಸಿನಿಂದ ಡಿಫರೆನ್ಷಿಯಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಕ್ರಾಸ್ (ತುದಿಯ ಬಾಗುವ ಕೀಲು) ಹೊಸದು ಹಾಕಿಸಿದೆ. ನಡುಕ ಹೋಗಲಿಲ್ಲ. ಕೊನೆಗೆ ಕೋನ ಅಳೆಯುವ ಒಂದು ಅಗ್ಗದ ಸಾಧನ ತಂದು ಕಾರಿನ ಕೆಳಗೆ ನಾನೇ ಮಲಗಿದೆ. ಎಂಜಿನ್ನಿನ ಬಾಲ 5 ಡಿಗ್ರಿ ಕೆಳಗೆ ವಾಲಿತ್ತು, ಡಿಫರೆನ್ಷಿಯಲ್ಲಿನ ಮೂತಿ ಬರೀ 1 ಡಿಗ್ರಿ ಮೇಲೆತ್ತಿತ್ತು. ಎರಡೂ ಸಮಾನಾಂತರವಾಗಿರದಿದ್ದರೆ ಒಂದು ಕ್ರಾಸ್ ಹುಟ್ಟಿಸುವ ಏರಿಳಿತವನ್ನು ಇನ್ನೊಂದು ರದ್ದು ಮಾಡಲಾರದು. ಹಳೆಯ ಫೋರ್ಡಿನಲ್ಲಿ ಈ ಗೋಜೇ ಇರಲಿಲ್ಲ. ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡು ನೇರ ಆಕ್ಸಲ್ಲಿಗೆ ಬಿಗಿದಿರುತ್ತಿತ್ತು. ಆ ಕೊಳವೆಯನ್ನು ತೆಗೆದವರು ಅದರ ಜಾಗದಲ್ಲಿ ಮಾಡಬೇಕಾದ ಲೆಕ್ಕವನ್ನು ಮಾಡಿರಲಿಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ವರ್ಕ್‌ಶಾಪ್ ಕಣ್ಣಳತೆಯಲ್ಲಿ ಮೌಂಟಿಂಗ್ ವೆಲ್ಡ್ ಮಾಡಿತ್ತು. ಅದನ್ನು ಕತ್ತರಿಸಿ, ಎತ್ತರಿಸಿ, ಎರಡೂ ಕಡೆ 3 ಡಿಗ್ರಿಗೆ ತಂದು ಮತ್ತೆ ಕಟ್ಟಿಸಿದೆ. ಅಂದು ಸಂಜೆ ಗಿಲ್ರಾಯ್‌ವರೆಗೆ ಹೋಗಿ ಬಂದೆ. 70 ಮೈಲಿ ವೇಗದಲ್ಲೂ ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಓದಲು ಸಾಧ್ಯವಾಯಿತು. ಈ ಕಾರು ನಿಜವಾಗಿ ನನ್ನದಾದದ್ದು ಆ ದಿನ.

ಎರಡನೆಯದು ಬಿಸಿ. ಇದನ್ನು ಎಂಜಿನ್ನಿನ ತಲೆಗೆ ಕಟ್ಟುವವರೇ ಹೆಚ್ಚು. ಪ್ಲೆಸಾಂಟನ್‌ನಲ್ಲಿ ನಡೆಯುವ ಹಾಟ್ ರಾಡ್ ಮೇಳಕ್ಕೆ ಹೊರಟವನು ಸುನೋಲ್ ಏರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದೆ. ಮುಳ್ಳು 230 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಹೆಂಡತಿ ಹೀಟರ್ ಹಾಕಿ ಎರಡೂ ಗಾಜು ಇಳಿಸಿದಳು, ಅದರಿಂದ ಗ್ಯಾಸ್ಕೆಟ್ ಉಳಿಯಿತು. ಕಾರಣ ಸರಳ. ಈ ಕಾರಿನ ರೇಡಿಯೇಟರ್ ಎತ್ತರ, ಕಿರಿದು. ಷೆವರ್ಲೆಯ ಫ್ಯಾನ್ ಅದರ ಕೆಳ ಅರ್ಧದ ಹಿಂದೆ ಮಾತ್ರ ತಿರುಗುತ್ತದೆ. ಸುತ್ತ ಗಾಳಿಯನ್ನು ಹಿಡಿದಿಡುವ ಶ್ರೌಡ್ ಇಲ್ಲದಿದ್ದರೆ ಮೇಲಿನ ಅರ್ಧ ಇದ್ದೂ ಇಲ್ಲದಂತೆ. ಶ್ರೌಡ್ ಮಾಡಿಸಿದೆ, ರೇಡಿಯೇಟರ್ ದಪ್ಪದ್ದು ಹಾಕಿಸಿದೆ, 180 ಡಿಗ್ರಿಯ ಥರ್ಮೋಸ್ಟಾಟ್ ಕೂರಿಸಿದೆ. ಖರ್ಚು 1,100 ಡಾಲರ್. ಆಮೇಲೆ ಆಗಸ್ಟಿನ ಬಿಸಿಲಿನಲ್ಲೂ ಮುಳ್ಳು 200 ದಾಟಿಲ್ಲ.

ಸೆಲ್ಫ್ ಮೋಟರಿನ ತೊಂದರೆಯೂ ಇದೇ ಜಾತಿಯದು. ಸೈಲೆನ್ಸರ್ ಕಟ್ಟಿದವರು ಪೈಪನ್ನು ಅದಕ್ಕೆ ಒರೆಸುವಷ್ಟು ಹತ್ತಿರ ತಂದಿದ್ದರು. ಪೆಟ್ರೋಲ್ ಹಾಕಿಸಿ ಹತ್ತು ನಿಮಿಷ ನಿಂತರೆ ಬಿಸಿಗೆ ಟಕ್ ಎಂದು ಸುಮ್ಮನಾಗುತ್ತಿತ್ತು. ಪೈಪ್ ತಿರುಗಿಸಿ, ಗಾತ್ರದಲ್ಲಿ ಚಿಕ್ಕದಾದ, ಗೇರ್ ಇರುವ ಮೋಟರ್ ಹಾಕಿದ ಮೇಲೆ ಸರಿಹೋಯಿತು.

ಒಮ್ಮೆ ಫೋರ್ಡ್ ಎಂಜಿನ್‌ಗಳಲ್ಲೇ ಪಳಗಿದ ಗೆಳೆಯರೊಬ್ಬರು ಪ್ಲಗ್ಗಿನ ತಂತಿ ಬದಲಿಸಲು ನೆರವಾದರು. ಕೀಲಿ ತಿರುಗಿಸಿದೊಡನೆ ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿತು. ಫೋರ್ಡಿನಲ್ಲಿ ಬಲಸಾಲಿನ ಸಿಲಿಂಡರ್‌ಗಳು 1ರಿಂದ 4, ಎಡಸಾಲಿನವು 5ರಿಂದ 8. ಷೆವರ್ಲೆಯಲ್ಲಿ ಎಡಕ್ಕೆ ಬೆಸ, ಬಲಕ್ಕೆ ಸರಿ. ಡಿಸ್ಟ್ರಿಬ್ಯೂಟರ್ ತಿರುಗುವ ದಿಕ್ಕೂ ಉಲ್ಟಾ. ಅಂದಿನಿಂದ 1-8-4-3-6-5-7-2 ಎಂಬ ಕಿಡಿ ಹಾರುವ ಕ್ರಮವನ್ನು ಬಾನೆಟ್ಟಿನ ಒಳಮೈಗೆ ಬರೆದು ಅಂಟಿಸಿದ್ದೇನೆ. ಸೀಟಿನ ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಇದೆ. ಬಿಡಿಭಾಗದ ಅಂಗಡಿಯವರು ಕೇಳುವ ಮೊದಲ ಮಾತು ಯಾವ ಕಾರು, ಯಾವ ವರ್ಷ ಎಂದು. 1932ರ ಫೋರ್ಡ್ ಎಂದರೆ ಅವರ ಕಂಪ್ಯೂಟರ್ ಏನನ್ನೂ ತೋರಿಸುವುದಿಲ್ಲ. ಯಾವ ಭಾಗ ಯಾವ ಗಾಡಿಯಿಂದ ಬಂತೆಂದು ಬರೆದಿಟ್ಟಿದ್ದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮಿಶ್ರ ಕಾರು ಕೊಳ್ಳುವವರು ಮಾರುವವರಿಂದ ಈ ಪಟ್ಟಿಯನ್ನು ಮೊದಲು ಪಡೆಯಲಿ. ಹೇಳಲಾಗದ ಮಾರಾಟಗಾರನ ಕಾರು ಬೇಡ.

ಇಂಧನ ಊರೊಳಗೆ ಗ್ಯಾಲನ್ನಿಗೆ 14 ಮೈಲಿ, ಹೆದ್ದಾರಿಯಲ್ಲಿ 18. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 6ರಿಂದ 7.7 ಕಿಲೊಮೀಟರ್. ಆಯಿಲ್ ಬಗ್ಗೆ ಎಚ್ಚರ ಬೇಕು: ಕವಾಟ ತೆರೆಸುವ ಹಳೆಯ ಬಗೆಯ ಟ್ಯಾಪೆಟ್‌ಗಳಿಗೆ ಸತುವಿನ ಅಂಶ ಹೆಚ್ಚಿರುವ ಆಯಿಲ್ಲೇ ಆಗಬೇಕು, ಇಲ್ಲದಿದ್ದರೆ ಅವನ್ನು ಎತ್ತುವ ಕ್ಯಾಮ್ ಸವೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲದಿರುವುದರಿಂದ ಆ ಚಿಂತೆ ಇಲ್ಲ.

ಕಳೆದುಕೊಂಡದ್ದು ಇಲ್ಲವೇ? ಇದೆ. ಮೇಳದಲ್ಲಿ ಪಕ್ಕಕ್ಕೆ ಫ್ಲಾಟ್‌ಹೆಡ್ ಕಾರೊಂದು ಬಂದು ನಿಂತಾಗ ಅದರ ಗುಡುಗುಡು ದನಿ ಕೇಳಿ ಹೊಟ್ಟೆ ಚುರುಕ್ ಎನ್ನುತ್ತದೆ. ಬಾನೆಟ್ ತೆರೆದರೆ ಅದರ ಸುತ್ತ ಜನ ಮುತ್ತುತ್ತಾರೆ. ನನ್ನ ಎಂಜಿನ್ನಿನ ಮೇಲೆ ಷೆವರ್ಲೆಯ ಕಿತ್ತಳೆ ಬಣ್ಣ ಕಂಡ ಕೆಲವರು ಏನೂ ಹೇಳದೆ ಮುಂದೆ ಹೋಗುತ್ತಾರೆ. ಗುರುತು ಸಿಗದಿರಲೆಂದು ಫೋರ್ಡ್ ಎಂಜಿನ್ನಿನ ನೀಲಿ ಬಳಿಸು ಎಂದು ಸಲಹೆ ಕೊಟ್ಟವರಿದ್ದಾರೆ. ನಾನು ಬಳಿಸಲಿಲ್ಲ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಈ ಎರಡನ್ನೂ ಜೋಡಿಸಿದ ಹುಡುಗರು ಯಾವ ಕಂಪನಿಯ ಪಕ್ಷವನ್ನೂ ವಹಿಸಿರಲಿಲ್ಲ; ಹಗುರವಾದ ಒಡಲು ಒಂದು ಕಡೆ ಸಿಕ್ಕಿತು, ಹಗುರವಾದ ಎಂಜಿನ್ ಇನ್ನೊಂದು ಕಡೆ. ಆ ಬಣ್ಣ ಅವರ ಆಯ್ಕೆಯ ಗುರುತು.

ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ಕಡಿತ ಆ ಮೌಂಟಿಂಗಿಗೆ. ಹಿರಿಯರು ಹೊರಡುವ ಮೊದಲು ಹೊಸ ವೆಲ್ಡಿಂಗಿನ ಮೇಲೆ ಬೆರಳಾಡಿಸಿ, ರಬ್ಬರ್ ಬಿರುಕು ಬಿಡತೊಡಗಿದೆ, ಮಳೆಗಾಲ ಮುಗಿಯುವುದರೊಳಗೆ ಬದಲಿಸಿಬಿಡು ಎಂದರು. ಇಲ್ಲಿ ಚಳಿಗಾಲವೇ ಮಳೆಗಾಲ. ರಬ್ಬರ್ ತರಿಸಿಟ್ಟಿದ್ದೇನೆ.