ತುಕ್ಕು ತಿಂದ ಏರ್ ಪಿಸ್ತೂಲು: ಮಂಗಳೂರಿನ ಮಳೆಗೆ ಯಾವ ಕಪ್ಪು ನಿಂತಿತು?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳುತ್ತೇನೆ. ತುಕ್ಕು ತೆಗೆಯಲು ವಾಷಿಂಗ್ ಸೋಡಾ ನೀರಿಗೆ ಕರೆಂಟು ಕೊಡುವ ವಿಧಾನ, ಕಪ್ಪು ಹಿಡಿಸಲು ನಿಧಾನದ ರಸ್ಟ್ ಬ್ಲೂ (ತೆಳು ತುಕ್ಕು ಬರಿಸಿ, ಕುದಿಸಿ ಕಪ್ಪಾಗಿಸುವ ವಿಧಾನ), ಮೇಲಿನ ಕಾವಲಿಗೆ ಜೇನುಮೇಣ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಈ ಮೂರನ್ನು ಮೀರಿಸುವ ಜೋಡಿ ನನಗೆ ಸಿಗಲಿಲ್ಲ. ಬೆಂಗಳೂರಿನವರ ಲೆಕ್ಕ ಬೇರೆ ಇರಬಹುದು, ಅಲ್ಲಿನ ಹವೆಯೇ ಬೇರೆ.

ಸಾಮಾನು ಸೋದರಮಾವನದ್ದು. ನಳಿಗೆ ಬಗ್ಗಿಸಿ ಲೋಡ್ ಮಾಡುವ ಹಳೇ ಸ್ಪ್ರಿಂಗ್ ಏರ್ ಪಿಸ್ತೂಲು, 0.177 ಬೋರಿನದ್ದು, ಅಂದರೆ ನಳಿಗೆಯ ಒಳ ಅಗಲ 0.177 ಇಂಚು. ಸುರತ್ಕಲ್ಲಿನ ಮನೆಯ ಗೋಡೆ ಕಪಾಟಿನಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮಲಗಿತ್ತು. ಚೀಲಕ್ಕೆ ತಾಗಿಕೊಂಡಿದ್ದ ಮಗ್ಗುಲೇ ಹೆಚ್ಚು ಹಾಳಾಗಿತ್ತು. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಸೇರಿಸಿದ ಉಪ್ಪು, ಆಸಿಡ್ಡು ಅದರಲ್ಲೇ ಉಳಿದಿರುತ್ತವೆ. ಕಬ್ಬಿಣದ ಸಾಮಾನನ್ನು ಚರ್ಮದೊಳಗಿಟ್ಟು ಮರೆತರೆ ಆಗುವುದು ಇದೇ.

ಕಾನೂನಿನ ಮಾತು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಬೋರು ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ತೋಟದ ಮನೆಗಳಲ್ಲಿರುವ ಲೈಸೆನ್ಸಿನ ಕೋವಿ ಹಾಗಲ್ಲ. ಅದರ ರಿಪೇರಿಗೆ 1959ರ ಕಾಯ್ದೆಯಡಿ ಪರವಾನಗಿ ಪಡೆದವರೇ ಬೇಕು, ನಳಿಗೆಯಲ್ಲಿ ತುಕ್ಕು ಕೊರೆದ ಗುಳಿ ಬಿದ್ದಿದ್ದರೆ ಅವರಿಗೆ ತೋರಿಸದೆ ಹಾರಿಸಲೂ ಬಾರದು. ಕೆಳಗೆ ಬರೆದದ್ದೆಲ್ಲ ಏರ್ ಪಿಸ್ತೂಲಿನ ಹೊರಮೈಗೆ ಮಾತ್ರ.

ಬಿಚ್ಚುವಾಗ ಜಾಗ್ರತೆ ಬೇಕು. ಒಳಗಿನ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ, ಪಿನ್ನು ತಟ್ಟಿದ ಕೂಡಲೇ ಮುಖಕ್ಕೆ ಹಾರಬಹುದು. ವೈಸಿನಲ್ಲಿ ಹಿಡಿದು ನಿಧಾನಕ್ಕೆ ಸಡಿಲಿಸಬೇಕು. ಮರದ ಹಿಡಿ, ಚರ್ಮದ ವಾಷರ್, ಅಲ್ಯೂಮಿನಿಯಂ ಭಾಗ ಎಲ್ಲವನ್ನೂ ಬೇರೆ ಇಟ್ಟೆ. ಸ್ಪ್ರಿಂಗು ಮತ್ತು ಟ್ರಿಗರಿನ ಕೊಕ್ಕೆಗಳನ್ನು ಯಾವ ದ್ರಾವಣಕ್ಕೂ ಹಾಕಲಿಲ್ಲ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ, ಅಷ್ಟೆ.

ತುಕ್ಕು ತೆಗೆಯಲು ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಮದ್ದು ಹಾಕಿ ನೋಡಿದೆ. ಅಡುಗೆಮನೆಯ ವಿನೆಗರ್ ಅಗ್ಗ, ಸುಲಭ. ಆದರೆ ಅದಕ್ಕೆ ತುಕ್ಕು ಯಾವುದು, ಒಳ್ಳೆ ಉಕ್ಕು ಯಾವುದು ಎಂಬ ಭೇದವಿಲ್ಲ. ರಾತ್ರಿಯಿಡೀ ಬಿಟ್ಟರೆ ಮೈ ಬೂದು ಬಣ್ಣಕ್ಕೆ ತಿರುಗಿ ತರಿತರಿಯಾಗುತ್ತದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಸಿಡ್ ಇರುವುದರಿಂದ ಅದನ್ನೂ ಜಜ್ಜಿ ಹಚ್ಚಿದೆ. ಮೇಲಿನ ಕೆಂಪು ಹೋಗುತ್ತದೆ, ಗುಳಿಯ ಬುಡಕ್ಕೆ ಇಳಿಯುವುದಿಲ್ಲ. ಕತ್ತಿಗೆ ಸಾಕು, ಇದಕ್ಕೆ ಸಾಲದು. ಸಿಟ್ರಿಕ್ ಆಸಿಡ್ ಇವೆರಡಕ್ಕಿಂತ ಚೊಕ್ಕ ಕೆಲಸ ಮಾಡುತ್ತದೆ, ಬಿಸಿನೀರಿನಲ್ಲಿ ಇನ್ನೂ ಚುರುಕು. ಹಾರ್ಡ್‌ವೇರ್ ಅಂಗಡಿಯ ರಸ್ಟ್ ಕನ್ವರ್ಟರಿನಲ್ಲಿ ಸಾಮಾನ್ಯವಾಗಿ ಇರುವುದು ಫಾಸ್ಫಾರಿಕ್ ಆಸಿಡ್. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಬದಲಿಸಿ ಅಲ್ಲೇ ಕೂರಿಸುತ್ತದೆ. ಮೇಲೆ ಪೇಂಟು ಹೊಡೆಯುವುದಾದರೆ ಬಹಳ ಒಳ್ಳೆಯದು. ಬ್ಲೂ ಮಾಡುವುದಾದರೆ, ಅಂದರೆ ಲೋಹದ ಮೈಯನ್ನೇ ಕಪ್ಪಾಗಿಸುವುದಾದರೆ, ಅದೇ ಪದರ ಅಡ್ಡಿ, ಮತ್ತೆ ಉಜ್ಜಿ ತೆಗೆಯಬೇಕು.

ಕರೆಂಟಿನ ವಿಧಾನ ಗೆದ್ದದ್ದು ಗುಳಿಗಳಲ್ಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ತಂತಿ ಪಿಸ್ತೂಲಿನ ಭಾಗಕ್ಕೆ, ಪಾಸಿಟಿವ್ ಗುಜರಿ ಕಬ್ಬಿಣಕ್ಕೆ. ಅದಲುಬದಲಾದರೆ ಕರಗುವುದು ಪಿಸ್ತೂಲು. ಗುಜರಿ ಕಬ್ಬಿಣದ ಜಾಗಕ್ಕೆ ಸ್ಟೀಲ್ ಚಮಚ ಇಡಲೇಬೇಡಿ, ಸ್ಟೇನ್‌ಲೆಸ್ಸಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಏಳುವ ಕಾರಣ ಇದು ಅಂಗಳದ ಕೆಲಸ, ಬೀಡಿ ಸಿಗರೇಟು ಹತ್ತಿರ ಬರಬಾರದು. ಸ್ಪ್ರಿಂಗನ್ನು ಹೊರಗಿಟ್ಟದ್ದೂ ಹೈಡ್ರೋಜನ್ನಿನಿಂದಲೇ, ಅದು ಗಡಸು ಉಕ್ಕಿನೊಳಗೆ ಹೊಕ್ಕರೆ ಉಕ್ಕು ಪೆಡಸಾಗಿ ಮುರಿಯುತ್ತದೆ. ಕೆಲವು ಗಂಟೆ ಬಿಟ್ಟು ಎತ್ತಿದರೆ ತುಕ್ಕಿನ ಜಾಗದಲ್ಲಿ ಕಪ್ಪು ಕೆಸರು. ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಗುಳಿಯ ತಳ ಕಾಣುತ್ತದೆ, ಒಳ್ಳೆ ಉಕ್ಕು ಇದ್ದ ಹಾಗೇ ಇರುತ್ತದೆ.

ಕರಾವಳಿಯವರು ಇಲ್ಲಿ ಒಂದು ಹೆಜ್ಜೆ ಹೆಚ್ಚು ಹಾಕಬೇಕು. ಸಿಟ್ರಿಕ್ಕಿನಲ್ಲಿ ತೊಳೆದಿಟ್ಟ ಟ್ರಿಗರ್ ಗಾರ್ಡನ್ನು ಮರುದಿನ ಬೆಳಿಗ್ಗೆ ಭೂತಕನ್ನಡಿಯಲ್ಲಿ ನೋಡಿದರೆ ಸುತ್ತಲಿನ ಲೋಹ ಫಳಫಳ, ಪ್ರತಿ ಗುಳಿಯ ನಡುವೆ ಮಾತ್ರ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕಿ, ಕೆಲವದರ ಮೇಲೆ ನೀರಿನ ಹನಿ. ಸಮುದ್ರದ ಉಪ್ಪಿನ ಕ್ಲೋರೈಡು ಗುಳಿಯ ತಳದಲ್ಲಿ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದನ್ನು ಹೊರಗೆ ಹಾಕದೆ ಮೇಲೆ ಏನು ಬಳಿದರೂ ವ್ಯರ್ಥ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕುದಿಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಕುದಿಸಬೇಕು. ಚುಕ್ಕಿ ಏಳುವುದು ನಿಲ್ಲುವವರೆಗೆ ಇದೇ ಕೆಲಸ. ಕೇಳುವಾಗ ಡಿಸ್ಟಿಲ್ಡ್ ವಾಟರ್ ಎಂದೇ ಕೇಳಿ, ಬ್ಯಾಟರಿ ಆಸಿಡ್ ಬೇರೆ.

ಗುಳಿಗಳನ್ನು ಪೂರಾ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ತೆಗೆಯಬೇಕಾದರೆ ಗುಳಿಯ ಆಳಕ್ಕೆ ಸುತ್ತಲಿನ ಲೋಹವನ್ನೂ ಇಳಿಸಬೇಕು, ಅಕ್ಷರ ನಂಬರ್ ಎಲ್ಲ ಅಳಿಸಿಹೋಗುತ್ತವೆ. ದೀಪಕ್ಕೆ ಪಾಲಿಶ್ ಮಾಡುವವರ ಬಫ್ ಚಕ್ರ ಇನ್ನೂ ಅಪಾಯ: ನೇರ ಅಂಚೆಲ್ಲ ಉರುಟಾಗಿ, ಸ್ಕ್ರೂ ತೂತಿನ ಬಾಯಿ ತಟ್ಟೆಯಾಗುತ್ತದೆ. ನಾನು ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ 220, 320, 400 ಎಂದು ಒರಟಿನಿಂದ ನಯಕ್ಕೆ ಹೋಗುತ್ತ ಉದ್ದಕ್ಕೆ ಎಳೆದೆ. ಸಣ್ಣ ಗುಳಿ ಹೋದವು, ಆಳದವು ಉಳಿದವು. ಉಳಿಯಲಿ. ಹೊಳಪು ಹೆಚ್ಚಿದಷ್ಟೂ ಅವು ಎದ್ದು ಕಾಣುತ್ತವೆ, ಮಂದ ಮೈಯಲ್ಲಿ ಅಡಗಿಕೊಳ್ಳುತ್ತವೆ.

ಇನ್ನು ಕಪ್ಪು ಹಿಡಿಸುವುದು. ಹೀಗೇ ಗುಳಿ ಬಿದ್ದು ಕೆಟ್ಟುಹೋದ ಇನ್ನೊಂದು ಏರ್ ಗನ್ನಿನ ನಳಿಗೆಯನ್ನು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಫಿನಿಶ್ ಕೊಟ್ಟು, ಪಡುವಣ ಜಗಲಿಯ ಮಾಡಿನ ಕೆಳಗೆ ಮಳೆಗಾಲವಿಡೀ ತೂಗುಹಾಕಿದೆ. ವರ್ಷಕ್ಕೆ 3500 ಮಿ.ಮೀ.ಗೂ ಮೀರಿ ಸುರಿಯುವ ಊರಿನಲ್ಲಿ ಬೇರೆ ಲ್ಯಾಬ್ ಯಾಕೆ?

ಕೋಲ್ಡ್ ಬ್ಲೂ ಹಚ್ಚಿದ ತುಂಡು ಮೊದಲು ಸೋತಿತು. ಸೆಲೆನಿಯಂ ಇರುವ ಆ ದ್ರಾವಣವನ್ನು ಹತ್ತಿಯಲ್ಲಿ ಒರೆಸಿದರೆ ಕಣ್ಣೆದುರೇ ಕಪ್ಪಾಗುತ್ತದೆ, ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಪದರ ತೀರಾ ತೆಳು, ಬೆವರು ಕೈ ತಾಗುವಲ್ಲಿ ಬೇಗ ಸವೆಯುತ್ತದೆ. ಜಗಲಿಯ ತುಂಡಿನಲ್ಲಿ ಜೂನಿನಲ್ಲೇ ಕೆಂಪು ಇಣುಕಿತು. ಸ್ಕ್ರೂ ತಲೆಗೆ, ಸಣ್ಣ ಗೀರಿಗೆ ಟಚಪ್ ಮಾಡಲು ಇಟ್ಟುಕೊಳ್ಳಬಹುದು.

ಹಾಟ್ ಬ್ಲೂವನ್ನು ನಮ್ಮ ವರ್ಕ್‌ಶಾಪಿನವರು ಬ್ಲ್ಯಾಕೋಡೈಸಿಂಗ್ ಅನ್ನುತ್ತಾರೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟು ಸುಮಾರು 140 ಡಿಗ್ರಿಯಲ್ಲಿ ಕುದಿಯುವ ಹಂಡೆ ಅದು. ಮನೆಯಲ್ಲಿ ಮಾಡುವ ಮಾತೇ ಇಲ್ಲ, ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ. ಬೈಕಂಪಾಡಿ ಕಡೆಯ ಒಂದು ಶೆಡ್ಡಿಗೆ ತುಂಡು ಒಯ್ದೆ. ಅಲ್ಲಿಯವರು ಮೊದಲು ಕೇಳಿದ್ದು, “ಇದರಲ್ಲಿ ಸೀಸದ ಬೆಸುಗೆ ಉಂಟಾ ಮಾರಾಯ್ರೆ? ಅಲ್ಯೂಮಿನಿಯಂ ಉಂಟಾ? ಇದ್ರೆ ಹಂಡೆಯಲ್ಲೇ ಕರಗ್ತದೆ.” ಕೇಳುವವರ ಕೈಗೆ ಧೈರ್ಯವಾಗಿ ಕೊಡಬಹುದು. ಬಂದ ಕಪ್ಪು ಎಲ್ಲಕ್ಕಿಂತ ಸಮ, ಎಲ್ಲಕ್ಕಿಂತ ಚಂದ. ತಗಾದೆ ಮತ್ತೆ ಗುಳಿಯದ್ದೇ: ಅದರೊಳಗೆ ನಿಂತ ಕಾಸ್ಟಿಕ್ ಉಪ್ಪು ಕೆಲವು ವಾರ ಕಳೆದ ಮೇಲೆ ಬಿಳಿ ಪುಡಿಯಾಗಿ ಹೊರಬಂತು. ನುಣುಪು ಮೈಯ ಸಾಮಾನಾದರೆ ನಾನೂ ಇದನ್ನೇ ಆರಿಸುತ್ತಿದ್ದೆ.

ಕನ್ವರ್ಟರ್ ಮೇಲೆ ಸ್ಪ್ರೇ ಪೇಂಟ್ ಹೊಡೆದ ತುಂಡಿಗೆ ಮಳೆ ಏನೂ ಮಾಡಲಿಲ್ಲ, ಒಪ್ಪಬೇಕು. ನೋಡಲು ಮಾತ್ರ ಗೇಟಿಗೆ ಬಳಿದ ಹಾಗೆ. ನಳಿಗೆ ಬಗ್ಗುವ ಕೀಲಿನಲ್ಲಿ ಅದು ಚಕ್ಕೆ ಏಳುವುದೂ ಖಂಡಿತ. ಪೌಡರ್ ಕೋಟಿಂಗ್ ಇನ್ನೂ ದಪ್ಪ, ಅಕ್ಷರ ಮುಚ್ಚಿಹೋಗುತ್ತದೆ.

ರಸ್ಟ್ ಬ್ಲೂ ಕತೆಯೇ ಬೇರೆ. ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಕುದಿಸಿ, ಕೆಂಪು ಆಕ್ಸೈಡನ್ನು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡಾಗಿ ತಿರುಗಿಸುವುದು. ಆಸಿಡ್ ಕಲಸುವ ಗೋಜು ಬೇಡವೆಂದು ತುಕ್ಕು ಬರಿಸುವ ರೆಡಿ ದ್ರಾವಣ ತರಿಸಿದೆ. ಥಿನ್ನರಿನಲ್ಲಿ ಜಿಡ್ಡು ತೆಗೆದು, ಕೈಗವಸು ಹಾಕಿ, ಹಿಂಡಿದ ಹತ್ತಿಯಲ್ಲಿ ಒಂದೇ ಎಳೆತಕ್ಕೆ ಹಚ್ಚಬೇಕು. ಒಣ ಊರಿನವರು ತುಕ್ಕು ಬರಿಸಲು ಬಿಸಿನೀರಿಟ್ಟ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಜುಲೈಯ ಮಂಗಳೂರಿನಲ್ಲಿ ಮನೆಯೇ ಆ ಪೆಟ್ಟಿಗೆ. ಪಿಸ್ತೂಲನ್ನು ತಿಂದುಹಾಕಿದ ತೇವವೇ ಇಲ್ಲಿ ಪುಕ್ಕಟೆ ಕೂಲಿಯಾಳು. ಅತಿಯಾಗಿ ದುಡಿಯದಂತೆ ಕಾಯಬೇಕು, ಅಷ್ಟೆ: ಕೆಲವೇ ಗಂಟೆಯಲ್ಲಿ ಕೆಂಪು ಮಖಮಲ್ಲು ಬಂದುಬಿಡುತ್ತದೆ, ರಾತ್ರಿಯಿಡೀ ಬಿಟ್ಟರೆ ಹೊಸ ಗುಳಿ ಬೀಳುತ್ತದೆ. ಡಿಸೆಂಬರಿನ ಮೂಡಣ ಗಾಳಿಯಲ್ಲಾದರೆ ನಮಗೂ ಪೆಟ್ಟಿಗೆ ಬೇಕು.

ಆ ಕೆಂಪನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧ ಗಂಟೆ ಕುದಿಸಿದರೆ ನೋಡನೋಡುತ್ತ ಕಪ್ಪಾಗುತ್ತದೆ. ಜಿಡ್ಡಿಲ್ಲದ ಅತಿ ನಯದ ಸ್ಟೀಲ್ ವೂಲಿನಲ್ಲಿ ಹಗುರಕ್ಕೆ ಉಜ್ಜಿದರೆ ಮೇಲಿನ ಮಸಿ ಹೋಗಿ ಬೂದುಗಪ್ಪು ಉಳಿಯುತ್ತದೆ. ಇಂಥ ಆರೇಳು ಸುತ್ತು ಬೇಕು, ಸುತ್ತು ಕಳೆದಂತೆ ಬಣ್ಣ ಗಾಢ. ಪ್ರತಿ ಸಲವೂ ಕುದಿಯುವುದರಿಂದ ಗುಳಿಯೊಳಗಿನ ಉಪ್ಪು ಇನ್ನಷ್ಟು ಹೊರಬೀಳುತ್ತದೆ, ಗುಳಿಯ ತಳವೂ ಸುತ್ತಲಿನ ಮೈಯಷ್ಟೇ ಕಪ್ಪಾಗುತ್ತದೆ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ಕುದಿಸಿ ಆಸಿಡ್ ಕೊಲ್ಲಬೇಕು. ಬೇಸರ ಹಿಡಿಸುವ ಕೆಲಸ, ಹೌದು. ಆದರೆ ಸೆಪ್ಟೆಂಬರಿನಲ್ಲಿ ಇಳಿಸಿದಾಗ ಲೋಹದ ಬಣ್ಣ ಉಳಿಸಿಕೊಂಡು, ತುಕ್ಕಿಲ್ಲದೆ ನಿಂತಿದ್ದದ್ದು ಈ ತುಂಡು ಮಾತ್ರ. ಪಿಸ್ತೂಲಿಗೂ ಇದನ್ನೇ ಮಾಡಿದೆ, ನಳಿಗೆಯ ಎರಡೂ ಬಾಯಿಗೆ ಮರದ ಬೆಣೆ ಹೊಡೆದು.

ಯಾವ ಬ್ಲೂ ಆದರೂ ಎಣ್ಣೆ ಇಲ್ಲದೆ ನಿಲ್ಲುವುದಿಲ್ಲ. ಅಜ್ಜಿಯಂದಿರು ಕತ್ತಿಗೆ ಸವರುವ ತೆಂಗಿನೆಣ್ಣೆ ಇಲ್ಲಿ ಬೇಡ, ಕ್ರಮೇಣ ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಒಳಗಿನ ಕೀಲಿಗೆ ಸರಿ, ಹೊರಮೈಯಿಂದ ಇಳಿದುಹೋಗುತ್ತದೆ. ಪುತ್ತೂರು ಕಡೆಯ ಜೇನು ಸಾಕುವವರಿಂದ ತಂದ ಮೇಣವನ್ನು ಬಿಸಿ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಸ್ವಲ್ಪ ಮೆಷಿನ್ ಎಣ್ಣೆ ಬೆರೆಸಿ, ಬೆಚ್ಚಗಿನ ಲೋಹಕ್ಕೆ ಹಚ್ಚಿ ಒರೆಸಿದೆ. ಅದು ಗುಳಿಯೊಳಗೇ ಹೆಪ್ಪುಗಟ್ಟಿ ಕೂರುತ್ತದೆ. ಚರ್ಮದ ಚೀಲ ಗುಜರಿಗೆ ಹೋಯಿತು. ಈಗ ಹತ್ತಿ ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ. ಪೊಟ್ಟಣವನ್ನು ಆಗಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಒಣಗಿಸದಿದ್ದರೆ ಮಳೆಗಾಲದಲ್ಲಿ ಅದು ಇದ್ದೂ ಇಲ್ಲದ ಹಾಗೆ.