ಝಯಾನ್‌ನಲ್ಲಿ ಎಲ್ಲಿ ಉಳಿಯುವುದು: ಟೆಂಟು, ಸ್ಪ್ರಿಂಗ್‌ಡೇಲ್ ಹೋಟೆಲು, ಕನಾಬ್‌ನ ಬಾಡಿಗೆ ಮನೆ

ಸೆಪ್ಟೆಂಬರ್ ಕೊನೆಗೆ ಅಮೆರಿಕದ ಯೂಟಾ ರಾಜ್ಯದ ಝಯಾನ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೀವಿ, ಎಲ್ಲಿ ಉಳಿದುಕೊಳ್ಳೋದು ಅಂತ ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಪಾರ್ಕಿನೊಳಗಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್. ಅಲ್ಲಿ ಜಾಗ ಸಿಗದಿದ್ದರೆ ಗೇಟಿನ ಹೊರಗಿನ ಸ್ಪ್ರಿಂಗ್‌ಡೇಲ್ ಊರು. ಗಂಟೆಯ ದೂರದ ಕನಾಬ್ ಊರಿನಲ್ಲಿ ಮನೆ ಹಿಡಿದು ದಿನಾ ಓಡಾಡುವುದು ನನ್ನ ಪಟ್ಟಿಯಲ್ಲಿ ಕೊನೆಗೆ. ಬೇರೆ ಬೇರೆ ವರ್ಷ ಮೂರೂ ಕಡೆ ಉಳಿದಿದ್ದೇವೆ. ಕನಾಬ್‌ಗೆ ಸ್ನೇಹಿತರ ಸಂಸಾರದ ಜೊತೆ, ಸ್ಪ್ರಿಂಗ್‌ಡೇಲ್‌ಗೆ ದಾವಣಗೆರೆಯಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ, ಟೆಂಟಿಗೆ ನಾವು ಗಂಡ ಹೆಂಡತಿ ಮತ್ತು ಮಗಳು.

ಯಾಕೆ ಸೆಪ್ಟೆಂಬರ್ ಅಂದರೆ, ನಾವು ಹೋಗುವುದು ನೀರಿಗೆ. ಬಣ್ಣದ ಎಲೆ ನೋಡಬೇಕಿದ್ದವರು ಇನ್ನೊಂದು ತಿಂಗಳು ತಡೆಯಬೇಕು. ಕಣಿವೆಯ ತಳದ ಕಾಟನ್‌ವುಡ್ ಮರಗಳು ಹಳದಿಯಾಗುವುದು ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ. ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನ ಇನ್ನೂ 32, 33 ಡಿಗ್ರಿ ಬಿಸಿಲು. ಆದರೆ ವರ್ಜಿನ್ ನದಿಯ ನೀರಲ್ಲೇ ನಡೆದುಹೋಗುವ ನ್ಯಾರೋಸ್ ಎಂಬ ಇಕ್ಕಟ್ಟು ಕಣಿವೆಗೆ ಇದು ಒಳ್ಳೆಯ ಕಾಲ. ಹಿಮ ಕರಗಿ ಬರುವ ವಸಂತದ ರಭಸ ಇಳಿದಿರುತ್ತದೆ, ಕಾಲು ಮರಗಟ್ಟುವಷ್ಟು ಚಳಿಯೂ ಇರುವುದಿಲ್ಲ. ಎರಡೂ ಕಡೆ ಸುಮಾರು ಸಾವಿರ ಅಡಿಯ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ, ಮೊಣಕಾಲುದ್ದ ನೀರು. ಆ ದಾರಿಗಾಗಿ ನಾನು ಎಷ್ಟು ಸಲ ಬೇಕಾದರೂ ಕಾರು ಹತ್ತುತ್ತೇನೆ.

ಉಳಿಯುವ ಜಾಗ ಇಲ್ಲಿ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಬಸ್ಸು. ಸೀಸನ್ನಿನಲ್ಲಿ ಮುಖ್ಯ ಕಣಿವೆಯ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. 2000ದಿಂದ ಈ ವ್ಯವಸ್ಥೆ ಇದೆ: ವಿಸಿಟರ್ ಸೆಂಟರಿನಿಂದ ಕಣಿವೆಯ ತುದಿಯ ಟೆಂಪಲ್ ಆಫ್ ಸಿನಾವಾವವರೆಗೆ ಒಂಬತ್ತು ಸ್ಟಾಪು, ಟಿಕೆಟ್ ಇಲ್ಲ, ತುದಿ ಮುಟ್ಟಲು ಮುಕ್ಕಾಲು ಗಂಟೆ. ವ್ಯವಸ್ಥೆ ಚೆನ್ನಾಗಿದೆ, ಕಣಿವೆಯಲ್ಲಿ ಹಾರ್ನ್ ಇಲ್ಲ, ಹೊಗೆ ಇಲ್ಲ. ಹಾಗಾಗಿ ನಿಮ್ಮ ದಿನ ಶುರುವಾಗುವುದು ಪಾರ್ಕ್ ತಲುಪಿದಾಗಲ್ಲ, ಆ ಬಸ್ಸಿನೊಳಗೆ ಕೂತಾಗ.

ಕನಾಬ್ ಆರಿಸಿದ್ದಕ್ಕೆ ನಮಗೆ ಕಾರಣಗಳಿದ್ದವು. ನಾವಿರುವ ಅರಿಜೋನಾದ ಫೀನಿಕ್ಸಿನಿಂದ ಹೊರಟರೆ ಫ್ಲ್ಯಾಗ್‌ಸ್ಟಾಫ್, ಪೇಜ್ ದಾಟಿ ಹೋಗುವ ದಾರಿಯಲ್ಲೇ ಸಿಗುವ ಊರು. ಎರಡು ಸಂಸಾರಕ್ಕೆ ಸಾಲುವ ಮನೆ, ಅಡುಗೆಮನೆ, ಬಟ್ಟೆ ಒಗೆಯುವ ಮೆಷಿನ್ನು, ಸ್ಪ್ರಿಂಗ್‌ಡೇಲ್‌ನ ಒಂದು ಕೋಣೆಯ ದುಡ್ಡಿಗೆ. ನಕ್ಷೆಯಲ್ಲಿ ವಿಸಿಟರ್ ಸೆಂಟರಿಗೆ ನಲವತ್ತು ಮೈಲಿ ಚಿಲ್ಲರೆ, ಗಂಟೆಯ ದಾರಿ.

ಮೊದಲ ಪೆಟ್ಟು ಗಡಿಯಾರದ್ದು. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವುದಿಲ್ಲ, ಯೂಟಾ ತಿರುಗಿಸುತ್ತದೆ. ಗಡಿ ದಾಟಿದೊಡನೆ ಒಂದು ಗಂಟೆ ಹೋಯಿತು. ಬೆಳಗ್ಗೆ ಆರಕ್ಕೆ ಎಬ್ಬಿಸಿದರೆ ಮಕ್ಕಳ ಮೈಗೆ ಅದು ಐದು. ಎರಡು ಮನೆಯವರ ಸ್ನಾನ, ತಿಂಡಿ, ಬುತ್ತಿ ಮುಗಿದು ಕಾರು ಹೊರಟಾಗ ಎಂಟು ದಾಟಿತ್ತು.

ಆಮೇಲೆ ಸುರಂಗ. ಮೌಂಟ್ ಕಾರ್ಮೆಲ್ ಜಂಕ್ಷನ್ನಿನಲ್ಲಿ ತಿರುಗಿ ಪೂರ್ವದ ಗೇಟು ದಾಟಿ, ಚೌಕಳಿ ಗೆರೆಗಳ ಚೆಕರ್‌ಬೋರ್ಡ್ ಮೇಸಾ ನೋಡಿ ಖುಷಿಪಟ್ಟು ಮುಂದೆ ಹೋದರೆ ಕಾರುಗಳ ಸಾಲು ನಿಂತಿದೆ. 1930ರಲ್ಲಿ ಮುಗಿದ ಈ ಸುರಂಗದ ಉದ್ದ 1.1 ಮೈಲಿ. ಕಮಾನಿನ ಆಕಾರ, ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಆ ಕಾಲದ ಕಾರುಗಳಿಗೆ ಧಾರಾಳವಾಗಿತ್ತು. ನಾವು ಹೋದಾಗ, ಮನೆಯಂತಿರುವ ಈಗಿನ ಆರ್‌ವಿ ಗಾಡಿ ಬಂದರೆ ಅದು ರಸ್ತೆಯ ನಟ್ಟನಡುವೆಯೇ ಹೋಗಬೇಕಿತ್ತು, ಇಲ್ಲದಿದ್ದರೆ ನೆತ್ತಿ ಗೋಡೆಗೆ ತಾಗುತ್ತಿತ್ತು. ಅದಕ್ಕೆ ರೇಂಜರ್‌ಗಳು ಎದುರಿನ ಸಂಚಾರ ನಿಲ್ಲಿಸಿ ಒಂದು ಬದಿಯವರನ್ನು ಪೂರ್ತಿ ಬಿಟ್ಟು, ಆಮೇಲೆ ಇನ್ನೊಂದು ಬದಿಯವರನ್ನು ಬಿಡುತ್ತಿದ್ದರು. 2026ರ ಜೂನ್‌ನಿಂದ ಅಷ್ಟು ದೊಡ್ಡ ಗಾಡಿಗಳಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ. ನಾವು ಎಂಜಿನ್ ಆರಿಸಿ ಕೂತೆವು. ಹಿಂದಿನ ಸೀಟಿನಲ್ಲಿ ಮಕ್ಕಳು ಮಧ್ಯಾಹ್ನಕ್ಕೆ ಕಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡರು.

ಸುರಂಗದ ಗೋಡೆಯಲ್ಲಿ ಕಿಟಕಿಗಳಿವೆ, ಕಟ್ಟುವಾಗ ಕಲ್ಲು ಹೊರಗೆ ಸುರಿಯಲು ಕೊರೆದವು. ಕತ್ತಲಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಒಂದು ಕ್ಷಣ ಇಡೀ ಕಣಿವೆ ಬೆಳಕಿನಲ್ಲಿ ಮಿಂಚಿ ಮರೆಯಾಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಆಚೆ ಬಂದು ತಿರುವುಗಳನ್ನು ಇಳಿದರೆ ಕ್ಯಾನ್ಯನ್ ಜಂಕ್ಷನ್. ನ್ಯಾರೋಸ್‌ಗೆ ಹೋಗುವ ರಸ್ತೆ ಬಲಗಡೆ ಅಲ್ಲೇ ಕಾಣುತ್ತದೆ, ಕಾರಿಗೆ ಪ್ರವೇಶವಿಲ್ಲ. ಕೆಳಗೆ ವಿಸಿಟರ್ ಸೆಂಟರಿಗೆ ಹೋಗಿ ಕಾರು ಬಿಟ್ಟು, ಬಸ್ಸಿನಲ್ಲಿ ಇದೇ ಜಂಕ್ಷನ್ನಿಗೆ ವಾಪಸ್ ಬರಬೇಕು.

ಕೆಳಗೆ ಹೋದರೆ ಪಾರ್ಕಿಂಗ್ ಭರ್ತಿ. ಸೀಸನ್ನಿನ ದಿನ ಬೆಳಗ್ಗೆ ಎಂಟು, ಎಂಟೂವರೆಗೇ ಅದು ತುಂಬಿಬಿಡುತ್ತದೆ. ಒಂದು ಸುತ್ತು ಹೊಡೆದು, ಪಾರ್ಕಿನಿಂದ ಹೊರಗೆ ಸ್ಪ್ರಿಂಗ್‌ಡೇಲ್‌ಗೆ ಇಳಿದು, ಊರಿನ ಕೆಳಗಿನ ತುದಿಯಲ್ಲಿ ದುಡ್ಡು ಕಟ್ಟಿ ಕಾರು ನಿಲ್ಲಿಸಿದೆವು. ಅಲ್ಲಿಂದ ಊರಿನ ಬಸ್ಸು ಹಿಡಿದು ಪಾರ್ಕಿನ ಕಾಲ್ದಾರಿ ಗೇಟು, ನದಿಯ ಮೇಲಿನ ಪುಟ್ಟ ಸೇತುವೆ, ಪಾಸು ತೋರಿಸುವ ಸಾಲು, ಆಮೇಲೆ ಕಣಿವೆ ಬಸ್ಸಿನ ಸಾಲು. ಕ್ಯಾನ್ಯನ್ ಜಂಕ್ಷನ್ ಮತ್ತೆ ದಾಟಿದಾಗ ಹನ್ನೊಂದೂವರೆ. ನದಿಗೆ ಕಾಲಿಟ್ಟಾಗ ಮಧ್ಯಾಹ್ನದ ಊಟದ ಹೊತ್ತು. ಬುತ್ತಿ ಸುರಂಗದ ಮುಂದೆಯೇ ಖಾಲಿಯಾಗಿತ್ತು.

ಮಧ್ಯಾಹ್ನವಾದರೆ ಏನಂತೆ ಅಂತ ಕೇಳಬಹುದು. ಈ ಕಣಿವೆಯಲ್ಲಿ ಆ ಪ್ರಶ್ನೆಯನ್ನು ಹಗುರವಾಗಿ ಕೇಳಬಾರದು. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಾನ್ಸೂನ್. ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಮೈಲಿಗಟ್ಟಲೆ ಮೇಲೆ ಬಿದ್ದ ಮಳೆ ಬೋಳು ಬಂಡೆಯ ಮೇಲೆ ಇಂಗದೆ ಹರಿದು ಒಮ್ಮೆಲೇ ನುಗ್ಗುತ್ತದೆ. 2015ರ ಸೆಪ್ಟೆಂಬರ್ 14ರಂದು ಇದೇ ಪಾರ್ಕಿನ ಕೀಹೋಲ್ ಕ್ಯಾನ್ಯನ್‌ನಲ್ಲಿ ಅಂಥ ಪ್ರವಾಹಕ್ಕೆ ಸಿಕ್ಕಿ ಏಳು ಜನ ಸತ್ತರು. ದಿನದ ಪ್ರವಾಹ ಮುನ್ಸೂಚನೆಯನ್ನು ಬೆಳಗ್ಗೆ ನೋಡಿಯೇ ನೀರಿಗಿಳಿಯಬೇಕು. ಮಧ್ಯಾಹ್ನದ ಮೋಡ ನೋಡಿ ನಾವು ಮೊದಲ ತಿರುವಿನಲ್ಲೇ ವಾಪಸ್ ತಿರುಗಿದೆವು, ಮಕ್ಕಳು ಅತ್ತರೂ. ಅದು ಸರಿಯಾದ ತೀರ್ಮಾನ. ಆದರೆ ಬೆಳಗ್ಗೆ ಎಂಟಕ್ಕೆ ನೀರಲ್ಲಿದ್ದಿದ್ದರೆ ಆ ತೀರ್ಮಾನದ ಹೊತ್ತಿಗೆ ನ್ಯಾರೋಸ್‌ನ ಅರ್ಧ ನೋಡಿ ಬಂದಿರುತ್ತಿದ್ದೆವು.

ಕತ್ತಲಾದ ಮೇಲೆ ಕನಾಬ್‌ಗೆ ವಾಪಸ್ ಓಡಿಸುವಾಗ ರಸ್ತೆಗೆ ಜಿಂಕೆ ಅಡ್ಡ ಬರುತ್ತವೆ, ನಿಧಾನ.

ಕನಾಬ್ ಕೆಟ್ಟ ಊರೇನಲ್ಲ. ಬ್ರೈಸ್ ಕ್ಯಾನ್ಯನ್, ಕೋರಲ್ ಪಿಂಕ್ ಮರಳುದಿಬ್ಬ, ಝಯಾನ್ ಮೂರನ್ನೂ ಒಂದೊಂದು ದಿನ ಮುಟ್ಟಿ ಬರುವವರಿಗೆ ನಡುವಿನ ಜಾಗ. ಸುರಂಗದ ಈಚೆಗೇ ಇರುವ ಕ್ಯಾನ್ಯನ್ ಓವರ್‌ಲುಕ್ ದಾರಿಗೂ ಅದೇ ಅನುಕೂಲ. ಝಯಾನ್ ಒಂದೇ ಸಾಕು ಅನ್ನುವವರಿಗೆ ಬೇಡ.

ಸ್ಪ್ರಿಂಗ್‌ಡೇಲ್‌ನಲ್ಲಿ ಆ ತಲೆನೋವು ಮುಕ್ಕಾಲು ಪಾಲು ಇಲ್ಲ. ಹೋಟೆಲಿನಲ್ಲಿ ಕಾರು ಬಿಟ್ಟರೆ ಹೊರಡುವ ದಿನದವರೆಗೆ ಮುಟ್ಟಬೇಕಿಲ್ಲ. ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಬೆಳಗ್ಗೆ ಬಿಸಿನೀರಿನ ಸ್ನಾನವಾಗದೆ ಕಾಫಿಯೂ ಇಳಿಯುವುದಿಲ್ಲ. ಅವರಿಗೆ ಇದೇ ಸರಿ. ಟೆಂಪಲ್ ಆಫ್ ಸಿನಾವಾವದಿಂದ ನದಿಯ ಪಕ್ಕ ಒಂದು ಮೈಲಿ ಹೋಗುವ ರಿವರ್‌ಸೈಡ್ ವಾಕ್ ಸಿಮೆಂಟು ಹಾಕಿದ ದಾರಿ, ಅಪ್ಪ ಕೋಲು ಊರಿಕೊಂಡು ಆರಾಮಾಗಿ ನಡೆದರು. ಗೋಡೆಯ ಬಿರುಕಿನಿಂದ ನೀರು ಜಿನುಗಿ ಜರಿಗಿಡ ತೂಗಾಡುವ ಜಾಗದಲ್ಲಿ ಅಮ್ಮ, "ಮರುಭೂಮಿ ಅಂದ್ಯಲ್ಲೋ, ಇದು ನಮ್ಮ ಆಗುಂಬೆ ಕಡೆ ಇದ್ದ ಹಾಗಿದೆ" ಅಂದರು.

ಅಡ್ಡಿ ಎಂದರೆ ದುಡ್ಡು. ಸೆಪ್ಟೆಂಬರ್‌ನಲ್ಲಿ ಕೋಣೆಯ ಬಾಡಿಗೆ ಇಳಿಯುವುದಿಲ್ಲ. ಒಂದು ರಾತ್ರಿಯ ಬಾಡಿಗೆಯಲ್ಲಿ ಟೆಂಟಿನ ಜಾಗ ಐದಾರು ರಾತ್ರಿಗೆ ಸಿಗುತ್ತದೆ. ಊಟವೂ ದುಬಾರಿ, ಸಸ್ಯಾಹಾರಿಗಳಿಗೆ ಎರಡನೇ ದಿನಕ್ಕೇ ಆಯ್ಕೆ ಮುಗಿಯುತ್ತದೆ. ಇನ್ನೊಂದು, ಊರಿನ ಬಸ್ಸು ಬೆಳಗ್ಗೆ ಶುರುವಾಗುವುದು ಪಾರ್ಕಿನ ಬಸ್ಸಿಗಿಂತ ತಡವಾಗಿ. ಮೊದಲ ಕಣಿವೆ ಬಸ್ಸು ಬೇಕಿದ್ದರೆ ಗೇಟಿಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲೇ ಆಗಬೇಕು, ಅದರ ಬಾಡಿಗೆ ಇನ್ನೂ ಹೆಚ್ಚು.

ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನೂ ಲೆಕ್ಕ ಹಾಕಬೇಕು: 2026ರ ಜನವರಿಯಿಂದ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಪಾರ್ಕುಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ, ಇಲ್ಲವೇ 250 ಡಾಲರಿನ ವಾರ್ಷಿಕ ಪಾಸು. ನಾವು ಹೋದಾಗ ಇದಿರಲಿಲ್ಲ. ಇಬ್ಬರು ಹಿರಿಯರೊಂದಿಗೆ ಎರಡು ಮೂರು ಪಾರ್ಕು ನೋಡುವ ಯೋಚನೆಯಿದ್ದರೆ ಹೊರಡುವ ಮೊದಲೇ ಪಾಸಿನ ನಿಯಮ ಓದಿಕೊಳ್ಳಿ.

ಕಣಿವೆಯೊಳಗೇ ಇರುವ ಝಯಾನ್ ಲಾಡ್ಜ್ ನನಗೆ ಸಿಕ್ಕಿಲ್ಲ, ಅದರ ಬಗ್ಗೆ ಮಾತಿಲ್ಲ.

ಇನ್ನು ವಾಚ್‌ಮನ್. ಟೆಂಟಿನಿಂದ ವಿಸಿಟರ್ ಸೆಂಟರಿನ ಬಸ್ ಸ್ಟಾಪಿಗೆ ಹತ್ತು ನಿಮಿಷದ ನಡಿಗೆ. ನನಗೆ ಮೂರೂ ಜಾಗಗಳ ವ್ಯತ್ಯಾಸ ಇಲ್ಲೇ ಇತ್ಯರ್ಥವಾಗುತ್ತದೆ. ನಾನು ಹೇಗೂ ಐದಕ್ಕೆ ಏಳುವವನು. ಗ್ಯಾಸ್ ಸ್ಟೋವಿನ ಮೇಲೆ ನೀರು ಕಾಯಿಸಿ, ಸ್ಟೀಲ್ ಫಿಲ್ಟರಿಗೆ ರಾತ್ರಿಯೇ ಹಾಕಿಟ್ಟ ಪುಡಿಗೆ ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಗ್ಗರಣೆ ಅವಲಕ್ಕಿ ಮುಗಿದಿರುತ್ತದೆ. ಇನ್ನೂ ಮಬ್ಬುಗತ್ತಲು, ಆಚೆ ಹುಲ್ಲಿನಲ್ಲಿ ಮ್ಯೂಲ್ ಜಿಂಕೆಗಳು ಮೇಯುತ್ತಿರುತ್ತವೆ, ದೊಡ್ಡ ಕಿವಿ ಮಾತ್ರ ನಮ್ಮ ಕಡೆ. ಮೊದಲ ಬಸ್ಸಿನಲ್ಲಿ ಸೀಟು ಸಿಕ್ಕಿತು. ನ್ಯಾರೋಸ್‌ನಲ್ಲಿ ನಮ್ಮ ಮುಂದೆ ನಾಲ್ಕೈದು ಜನ. ಬಾಡಿಗೆಗೆ ತಂದ ಬೂಟು, ನಿಯೋಪ್ರೀನ್ ಕಾಲುಚೀಲ, ಉದ್ದ ಕೋಲು ಹಿಡಿದು ಮಗಳು ಕಲ್ಲಿನಿಂದ ಕಲ್ಲಿಗೆ ತಡಕಾಡುತ್ತ ನಡೆದಳು. ನದಿಯಲ್ಲಿ ವಿಷಕಾರಿ ಪಾಚಿ ಕಂಡುಬಂದಿರುವುದರಿಂದ ಮುಖ ಅದ್ದಬೇಡ, ನೀರು ಬಾಯಿಗೆ ಹೋಗದಿರಲಿ ಅಂತ ಮಕ್ಕಳಿಗೆ ಮೊದಲೇ ಹೇಳಿರಬೇಕು. ಮಧ್ಯಾಹ್ನದ ಮೋಡ ಬರುವ ಮೊದಲು ಟೆಂಟಿಗೆ ವಾಪಸ್ ಬಂದು, ಗೊಜ್ಜು ಕಲಸಿದ ಪುಳಿಯೋಗರೆ ತಿಂದು ಮರದ ನೆರಳಲ್ಲಿ ಮಲಗಿದೆವು.

ಸಂಜೆ ವಾಚ್‌ಮನ್ ಶಿಖರ ಕೆಂಪಾಗುವುದನ್ನು ಕುರ್ಚಿಯಲ್ಲಿ ಕೂತೇ ನೋಡಬಹುದು. ಮರಳುಗಲ್ಲಿನಲ್ಲಿರುವ ಕಬ್ಬಿಣದಂಶದ ಬಣ್ಣ ಅದು. ರಾತ್ರಿ ಆಕಾಶವೂ ಚೆಂದ. ರಾತ್ರಿ ಕೃತಕ ಬೆಳಕು ಕಡಿಮೆ ಇರುವ ಜಾಗಗಳಿಗೆ ಕೊಡುವ ಡಾರ್ಕ್ ಸ್ಕೈ ಮಾನ್ಯತೆ 2021ರಲ್ಲಿ ಈ ಪಾರ್ಕಿಗೆ ಸಿಕ್ಕಿದೆ.

ಕೊರತೆಗಳಿವೆ. ಕ್ಯಾಂಪ್‌ಗ್ರೌಂಡಿನಲ್ಲಿ ಶವರ್ ಇಲ್ಲ, ಸ್ಪ್ರಿಂಗ್‌ಡೇಲ್‌ಗೆ ಹೋಗಿ ದುಡ್ಡು ಕೊಟ್ಟು ಮೀಯಬೇಕು. ರಾತ್ರಿ ಕಣಿವೆಯಿಂದ ಗಾಳಿ ಬೀಸಿದರೆ ಟೆಂಟು ಪಟಪಟ ಬಡಿದುಕೊಳ್ಳುತ್ತದೆ; ನೆಲ ಗಟ್ಟಿ, ಉಕ್ಕಿನ ಗೂಟ ಮತ್ತು ಸುತ್ತಿಗೆ ತನ್ನಿ. ತಿಂಡಿ ಹೊರಗಿಟ್ಟರೆ ಅಳಿಲುಗಳು ಬಿಡುವುದಿಲ್ಲ, ಅವು ಕಚ್ಚುತ್ತವೆ ಕೂಡ. ಸಂಜೆ ಏಳಕ್ಕೂ ಟೆಂಟಿನೊಳಗೆ ಸೆಕೆ.

ಐದಕ್ಕೆ ಏಳಲಾರದವರು, ಕಣಿವೆಯಲ್ಲೂ ಸ್ಟೋವ್ ಹಚ್ಚಬೇಕಾ ಅನ್ನುವವರು ಸ್ಪ್ರಿಂಗ್‌ಡೇಲ್‌ಗೇ ದುಡ್ಡು ಹಾಕಲಿ, ಹಿರಿಯರಿದ್ದರಂತೂ ಎರಡನೇ ಮಾತಿಲ್ಲ. ನಮ್ಮ ಮನೆಯ ಖರ್ಚಿಗೆ, ನನ್ನ ಬೆಳಗಿನ ಅಭ್ಯಾಸಕ್ಕೆ ಟೆಂಟೇ ಹೊಂದುತ್ತದೆ. ವಾಚ್‌ಮನ್ ಬುಕಿಂಗ್ ಆರು ತಿಂಗಳು ಮೊದಲು ತೆರೆಯುತ್ತದೆ: ಸೆಪ್ಟೆಂಬರ್ 27ರಿಂದ ಬೇಕಿದ್ದರೆ ಮಾರ್ಚ್ 27ರ ಬೆಳಗ್ಗೆ, ಯೂಟಾದ ಎಂಟು ಗಂಟೆ, ನಮ್ಮ ಫೀನಿಕ್ಸಿನ ಏಳು. ಮೊದಲೇ ಲಾಗಿನ್ ಆಗಿ, ಎರಡು ಮೂರು ಸೈಟ್ ನಂಬರು ಬರೆದಿಟ್ಟುಕೊಂಡು ಕೂರಿ. ಶುಕ್ರವಾರ, ಶನಿವಾರ ಬಿಟ್ಟು ಭಾನುವಾರದಿಂದ ಗುರುವಾರದವರೆಗೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಸಿಗದಿದ್ದರೂ ಸೆಪ್ಟೆಂಬರ್ ಹತ್ತಿರವಾದಂತೆ ರದ್ದಾದ ಜಾಗಗಳು ಒಂದೊಂದಾಗಿ ಬರುತ್ತವೆ, ದಿನಾ ಬೆಳಗ್ಗೆ ಒಮ್ಮೆ ನೋಡುತ್ತಿರಿ.