ಗುರ್ ಅನ್ನುವುದನ್ನು ಬಿಡಿಸಿದರು, ಕಚ್ಚುವುದನ್ನಲ್ಲ: ನಾಯಿಯನ್ನು ಬೋರ್ಡಿಂಗ್ ಟ್ರೈನಿಂಗಿಗೆ ಬಿಡುವ ಮುನ್ನ

ಬೆಂಗಳೂರಿನ ಒಂದು ಮನೆ. ಎರಡು ವರ್ಷದ ಗಂಡು ಲ್ಯಾಬ್ರಡಾರ್, ನಾಲ್ಕು ವರ್ಷದ ಮಗು. ಊಟದ ಬಟ್ಟಲಿನ ಹತ್ತಿರ ಯಾರಾದರೂ ಬಂದರೆ ನಾಯಿ ಗುರ್ ಅನ್ನುತ್ತಿತ್ತು. ಅಷ್ಟೇ. ಯಾರ ಮೈಮೇಲೂ ಬಿದ್ದಿರಲಿಲ್ಲ. ಮಗು ಓಡಾಡುವ ಮನೆ ಎಂಬ ಹೆದರಿಕೆಗೆ ಊರ ಹೊರಗಿನ ಒಂದು ಟ್ರೈನಿಂಗ್ ಕೇಂದ್ರದಲ್ಲಿ 45 ದಿನ ಬಿಟ್ಟರು. ವಾಪಸ್ ಬಂದ ನಾಯಿ ಬಟ್ಟಲಿಗೆ ಕೈ ಹಾಕಿದರೂ ಸದ್ದಿಲ್ಲ. ಮನೆಯವರು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದರು. ಹದಿನೆಂಟನೇ ದಿನ ಮಗುವಿನ ಚೆಂಡು ಉರುಳಿ ಬಟ್ಟಲ ಪಕ್ಕ ನಿಂತಿತು, ಎತ್ತಿಕೊಳ್ಳಲು ಮಗು ಬಗ್ಗಿತು. ಗುರ್ ಅನ್ನಲಿಲ್ಲ, ಬೊಗಳಲಿಲ್ಲ. ನೇರ ಮುಂಗೈಗೆ ಬಾಯಿ ಹಾಕಿತು.

ಕೇಂದ್ರದಲ್ಲಿ ನಡೆದದ್ದೇನು ಅನ್ನುವುದಕ್ಕೆ ಅವರೇ ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋಗಳೇ ಸಾಕ್ಷಿ. ಕುತ್ತಿಗೆಗೆ ಚೋಕ್ ಚೈನ್ (ಎಳೆದರೆ ಬಿಗಿಯುವ ಸರಪಳಿ), ಮುಂದೆ ಬಟ್ಟಲು. ಟ್ರೈನರ್ ಹತ್ತಿರ ಬರುತ್ತಾನೆ, ನಾಯಿ ಗುರ್ ಅನ್ನುತ್ತದೆ, ಚೈನಿಗೆ ಒಂದು ಜಗ್ಗು, ಜೊತೆಗೆ ಜೋರಾಗಿ ‘ನೋ’. ಎರಡನೇ ವಾರದ ಹೊತ್ತಿಗೆ ಗುರ್ ನಿಂತಿದೆ. ಅದೇ ವಿಡಿಯೋದ ಸದ್ದು ಬಂದ್ ಮಾಡಿ ನಾಯಿಯ ಮೈ ಮಾತ್ರ ನೋಡಿ. ಟ್ರೈನರ್ ಎರಡು ಹೆಜ್ಜೆ ದೂರ ಇರುವಾಗಲೇ ಅಗಿಯುವುದು ನಿಲ್ಲುತ್ತದೆ. ಕತ್ತು ಮರದ ಕೊರಡಿನ ಹಾಗೆ ಬಿಗಿಯಾಗುತ್ತದೆ. ಮೂತಿ ಬಟ್ಟಲಿನ ತಳಕ್ಕೆ ಇಳಿಯುತ್ತದೆ, ಕಣ್ಣು ಮಾತ್ರ ಓರೆಯಾಗಿ ಮೇಲೆ ಹೊರಳಿ ಬಿಳಿಭಾಗ ಕಾಣುತ್ತದೆ. ಕಿವಿ ಹಿಂದಕ್ಕೆ, ತುಟಿ ಮೇಲೆ ಒಮ್ಮೆ ನಾಲಿಗೆ. ಆಮೇಲೆ ಒಮ್ಮೆಲೇ ಗಬಗಬ ತಿನ್ನತೊಡಗುತ್ತದೆ. ಇದಕ್ಕೆ ಅವರು ಬರೆದ ಶೀರ್ಷಿಕೆ: ‘ಈಗ ಫುಲ್ ಕಾಮ್’.

ನಾಯಿಗೆ ಇದ್ದ ಆತಂಕ ಒಂದೇ: ಹತ್ತಿರ ಬಂದವರು ಅನ್ನ ಕಿತ್ತುಕೊಳ್ಳುತ್ತಾರೆ. ಜಗ್ಗಿನಿಂದ ಅದು ಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ಮನುಷ್ಯ ಬಂದರೆ ಅನ್ನಕ್ಕೂ ಸಂಚಕಾರ, ಕುತ್ತಿಗೆಗೂ ನೋವು ಎಂದು ನಾಯಿ ಲೆಕ್ಕ ಹಾಕುತ್ತದೆ. ಅದರ ಜೊತೆ ಇನ್ನೊಂದನ್ನೂ ಕಲಿಯುತ್ತದೆ: ಬಾಯಿ ಬಿಟ್ಟು ಹೇಳಿದರೆ ಏಟು. ಹೇಳುವುದನ್ನು ಬಿಡುತ್ತದೆ, ಉಳಿದದ್ದೆಲ್ಲ ಒಳಗೇ ಇರುತ್ತದೆ. ನಾಗರಹಾವು ಬುಸ್ ಅಂದರೆ ನಾವೇ ಪಕ್ಕಕ್ಕೆ ಸರಿಯುತ್ತೇವೆ. ತುಳಿಯುವುದು ಸುಮ್ಮನೆ ಮಲಗಿದ ಹಾವನ್ನು. ಆ ಮನೆಯಲ್ಲಿ ಅಷ್ಟು ದಿನ ಮಗುವನ್ನು ದೂರ ಇಟ್ಟಿದ್ದದ್ದೇ ಆ ಗುರ್. ದುಡ್ಡು ಕೊಟ್ಟು ಅದನ್ನೇ ತೆಗೆಸಿದರು.

‘ದಂಡಂ ದಶಗುಣಂ’ ಅನ್ನುವವರಿಗೆ ಒಂದು ಮಾತು. ಶಿಕ್ಷೆಯಿಂದ ನಾಯಿ ಏನನ್ನೂ ಕಲಿಯುವುದೇ ಇಲ್ಲ ಎಂದರೆ ಅದು ಸುಳ್ಳು. ಕಲಿಯುತ್ತದೆ. ಆದರೆ ಶಿಕ್ಷೆ ಸರಿಯಾಗಿ ನಾಟಬೇಕಾದರೆ ತಪ್ಪು ನಡೆದ ಒಂದು ಸೆಕೆಂಡಿನೊಳಗೆ ಬರಬೇಕು, ಪ್ರತಿ ಸಲವೂ ಬರಬೇಕು, ಮೊದಲ ಸಲವೇ ಸಾಕಷ್ಟು ಜೋರಾಗಿರಬೇಕು, ಮತ್ತು ಬದಲಿಗೆ ಏನು ಮಾಡಬೇಕು ಅನ್ನುವುದು ನಾಯಿಗೆ ಮೊದಲೇ ಗೊತ್ತಿರಬೇಕು. ಮೆಲ್ಲಗೆ ಶುರುಮಾಡಿ ದಿನದಿನಕ್ಕೆ ಏರಿಸಿದರೆ ನಾಯಿ ಒಗ್ಗಿಕೊಳ್ಳುತ್ತದೆ, ಜಗ್ಗು ಇನ್ನೂ ಜೋರಾಗುತ್ತದೆ. ಒಂದೇ ಸೆಕೆಂಡ್ ತಡವಾದರೆ ನೋವು ತಪ್ಪಿಗೆ ಅಂಟುವುದಿಲ್ಲ. ಆ ಕ್ಷಣ ಎದುರಿಗಿದ್ದ ಮಗುವಿಗೋ, ಪಕ್ಕದ ಮನೆ ನಾಯಿಗೋ ಅಂಟುತ್ತದೆ. ಬಹುಮಾನವಾಗಿ ಕೋಳಿ ತುಂಡು ಕೊಡುವುದರಲ್ಲಿ ತಡವಾದರೆ ಒಂದು ತುಂಡು ದಂಡವಾಯಿತು, ಅಷ್ಟೇ. ತಪ್ಪಿದಾಗ ತೆರಬೇಕಾದ ಬೆಲೆ ಎರಡರಲ್ಲೂ ಒಂದೇ ಅಲ್ಲ.

ಸಲಕರಣೆಯ ಕಥೆಯೂ ಇದೇ. ಚೋಕ್ ಚೈನನ್ನು ಎಡಗಡೆ ನಡೆಯುವ ನಾಯಿಗೆ, ಎದುರಿಗೆ ನಿಂತು ನೋಡಿದಾಗ ಇಂಗ್ಲಿಷಿನ ‘ಪಿ’ ಅಕ್ಷರದಂತೆ ಕಾಣುವ ಹಾಗೆ ಹಾಕಬೇಕು. ತಿರುವುಮುರುವಾದರೆ ಬೆಲ್ಟ್ ಸಡಿಲ ಬಿಟ್ಟರೂ ಚೈನ್ ಬಿಚ್ಚಿಕೊಳ್ಳದೆ ಕುತ್ತಿಗೆ ಹಿಸುಕುತ್ತಲೇ ಇರುತ್ತದೆ. ಮೇಲಿನ ವಿಡಿಯೋಗಳಲ್ಲಿ ಇದ್ದದ್ದು ತಿರುವುಮುರುವಾಗಿಯೇ. ಕಾಲರ್ ಎಳೆದಾಗ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಪಗ್‌ನಂಥ ಉಬ್ಬುಗಣ್ಣಿನ ನಾಯಿಗೆ ಎಳೆತವೇ ಬೇಡ, ಎದೆಗೆ ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್ ಹಾಕಿ. ಕುತ್ತಿಗೆಗೆ ಕರೆಂಟ್ ಹೊಡೆಸುವ ಶಾಕ್ ಕಾಲರ್ ಆನ್‌ಲೈನಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿದೆ. ನಮ್ಮಲ್ಲಿ ನಾಯಿಯನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇನೋ ಹೌದು, ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ. ಕಾಯ್ದೆ ನೋಡಿ ಟ್ರೈನರ್ ಹೆದರುತ್ತಾನೆ ಎಂದುಕೊಳ್ಳಬೇಡಿ.

‘ಶಾಕ್ ಇಲ್ಲದೆ ಆಗುವುದೇ ಇಲ್ಲ’ ಎನ್ನುವ ವಾದವನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳ ಮೇಲೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು: ಕರೆದಾಗ ಬರುವುದರಲ್ಲಿ ಬಹುಮಾನದಿಂದ ಕಲಿತ ನಾಯಿಗಳೇ ಮುಂದಿದ್ದವು. ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಡವಳಿಕೆಯ ತೊಂದರೆಗೆ ಬಂದ ನಾಯಿಗಳ ಮಾಲೀಕರನ್ನು ವಿಚಾರಿಸಿದ್ದರು. ಹೊಡೆದು ಒದ್ದು ನೋಡಿದವರಲ್ಲಿ 43 ಶೇಕಡಾ, ಬಾಯಿಂದ ವಸ್ತು ಕಿತ್ತುಕೊಂಡವರಲ್ಲಿ 39 ಶೇಕಡಾ ಜನರ ಮೇಲೆ ನಾಯಿ ತಿರುಗಿ ಬಿದ್ದಿತ್ತು. ಇನ್ನು ‘ನೀವು ಆಲ್ಫಾ ಆಗಬೇಕು’, ಅಂದರೆ ಗುಂಪನ್ನು ಅಂಕೆಯಲ್ಲಿಡುವ ಯಜಮಾನ ಆಗಬೇಕು ಅನ್ನುವ ಪಾಠ. ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದರಿಂದ ಬೆಳೆದ ಮಾತದು. ಆ ಪದವನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತಿದ್ದಿದರು. ನಮ್ಮ ಟ್ರೈನರ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಟ್ರೈನರ್ ಹತ್ತಿರ ಕೇಳಬೇಕಾದ್ದು ಏನು? ‘ನಾಯಿ ಸರಿಯಾಗಿ ಮಾಡಿದಾಗ ಏನು ಕೊಡುತ್ತೀರಿ, ತಪ್ಪಿದಾಗ ಏನು ಮಾಡುತ್ತೀರಿ?’ ಎರಡನೆಯದಕ್ಕೆ ‘ಕರೆಕ್ಷನ್ ಕೊಡ್ತೀವಿ’ ಎಂದರೆ, ಕೈಯಲ್ಲಿ ಮಾಡಿ ತೋರಿಸಿ ಅನ್ನಿ. ನಾಯಿಯನ್ನು ನೋಡುವ ಮೊದಲೇ ಚೋಕ್ ಚೈನ್ ತನ್ನಿ ಎಂದವರು, ಇಷ್ಟು ದಿನಕ್ಕೆ ಗ್ಯಾರಂಟಿ ಎಂದವರು, ‘ಮಾಲೀಕರು ಬಂದರೆ ನಾಯಿ ಡಿಸ್ಟರ್ಬ್ ಆಗುತ್ತೆ’ ಎಂದು ಬಾಗಿಲಲ್ಲೇ ನಿಲ್ಲಿಸಿದವರು, ಈ ಮೂವರನ್ನೂ ಬಿಟ್ಟುಬಿಡಿ. ಬಟ್ಟಲ ತೊಂದರೆಗೆ ಬೋರ್ಡಿಂಗ್ ಅನ್ನುವುದೇ ಅರ್ಥವಿಲ್ಲದ್ದು. ನಾಯಿ ಹೆದರುವುದು ನಿಮ್ಮ ಮನೆಯ ಜನಕ್ಕೆ, ನಿಮ್ಮ ಮನೆಯ ಬಟ್ಟಲಿನಲ್ಲಿ. ಕಲಿಯಬೇಕಾದ್ದೂ ಅಲ್ಲೇ. ಮತ್ತೆ, ಇದ್ದಕ್ಕಿದ್ದಂತೆ ಗುರ್ ಶುರುವಾದರೆ ಮೊದಲು ಪಶುವೈದ್ಯರು. ಕಿವಿಯ ಸೋಂಕು, ಹಲ್ಲು, ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು ನೋಡಿಸದೆ ಯಾವ ಟ್ರೈನಿಂಗೂ ಬೇಡ.

ಮನೆಯಲ್ಲಿ ಮಾಡುವ ವಿಧಾನ ಇದು. ಮೊದಲ ದಿನದಿಂದಲೇ ನಾಯಿಯ ಊಟ ಬಾಗಿಲು ಹಾಕಿದ ಕೋಣೆಯಲ್ಲಿ ಅಥವಾ ಮಕ್ಕಳ ಗೇಟಿನ ಆಚೆ. ತಿನ್ನುವಾಗ ಬಟ್ಟಲು ಎತ್ತಿ ‘ಪರೀಕ್ಷೆ’ ಮಾಡುವ ಚಾಳಿ ಪೂರ್ತಿ ಬಂದ್. ಗುರ್ ಹುಟ್ಟಿಸುವುದೇ ಎಷ್ಟೋ ಸಲ ಆ ಚಾಳಿ. ಬಟ್ಟಲಲ್ಲಿ ಮಾಮೂಲಿ ಊಟ ಇರಲಿ. ಕೈಯಲ್ಲಿ ಅದಕ್ಕಿಂತ ರುಚಿಯಾದದ್ದು: ಉಪ್ಪು ಹಾಕದೆ ಬೇಯಿಸಿದ ಕೋಳಿ, ಸಸ್ಯಾಹಾರಿ ಮನೆಯಾದರೆ ಪನೀರ್. ಬಟಾಣಿ ಕಾಳಿಗಿಂತ ದೊಡ್ಡದು ಬೇಡ. 50 ಗ್ರಾಂ ಕೋಳಿಯಲ್ಲಿ 80ರಿಂದ 100 ತುಂಡು ಬರುತ್ತದೆ. ಈರುಳ್ಳಿ ಬಿದ್ದ ಸಾರಿನ ತುಂಡು ನಾಯಿಗೆ ವಿಷ, ಅದನ್ನು ಮುಟ್ಟಿಸಬೇಡಿ. ದಿನದ ಒಟ್ಟು ಆಹಾರದಲ್ಲಿ ಈ ತಿಂಡಿಯ ಪಾಲು ಹತ್ತನೇ ಒಂದು ಭಾಗ ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಳೆಯಿರಿ. ಲ್ಯಾಬ್ ಊದಿಕೊಳ್ಳುವುದಕ್ಕೆ ನೆಪ ಬೇಕಾಗಿಲ್ಲ.

ನಾಯಿ ತಿನ್ನುತ್ತಿರುವಾಗ, ಅದರ ಮೈ ಒಂಚೂರೂ ಬಿಗಿಯಾಗದಷ್ಟು ದೂರದಲ್ಲಿ ನಿಲ್ಲಿ. ಎಂಟು ಅಡಿ ಆಗಬಹುದು, ಹದಿನೈದೂ ಆಗಬಹುದು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ತುಂಡನ್ನು ಬಟ್ಟಲ ಕಡೆ ಎಸೆದು, ತಿರುಗಿ ಹೊರಟುಬಿಡಿ. ಹೆಜ್ಜೆ ಮೊದಲು, ತುಂಡು ಆಮೇಲೆ. ಈ ಕ್ರಮ ತಪ್ಪಿದರೆ ತುಂಡು ಕಂಡಾಗ ಮನುಷ್ಯ ಮೇಲೆ ಬರುತ್ತಾನೆ ಎಂದು ನಾಯಿ ಕಲಿಯುತ್ತದೆ, ಕೋಳಿಯೇ ಹೆದರಿಕೆಯಾಗುತ್ತದೆ. ಒಂದು ಊಟಕ್ಕೆ ಐದಾರು ಸಲ ಸಾಕು. ನಿಮ್ಮನ್ನು ಕಂಡೊಡನೆ ತಾನಾಗಿ ತಲೆ ಎತ್ತಿ, ಬಾಲ ಸಡಿಲವಾಗಿ ಆಡಿಸುತ್ತ ಕಾಯುವುದು ಸತತ ಮೂರು ಊಟದಲ್ಲಿ ಕಂಡ ಮೇಲೆ ಅರ್ಧ ಅಡಿ ಹತ್ತಿರ. ಬಿಗಿಯಾಯಿತೋ, ಎರಡು ಹಂತ ಹಿಂದಕ್ಕೆ. ಮನೆಯ ಪ್ರತಿ ದೊಡ್ಡವರೂ ಇದನ್ನು ಮೊದಲಿನಿಂದ ಮಾಡಬೇಕು. ಮಗು ಮಾಡಕೂಡದು, ದೊಡ್ಡವರು ಪಕ್ಕದಲ್ಲಿದ್ದರೂ.

‘ಗುರ್ ಅಂದಾಗ ಕೋಳಿ ಕೊಟ್ರೆ ಗುರ್ ಅನ್ನೋದನ್ನೇ ಕಲಿಯಲ್ವಾ?’ ಎಲ್ಲರೂ ಕೇಳುವ ಪ್ರಶ್ನೆ. ನಾಯಿ ಲೆಕ್ಕ ಹಾಕಿ ಗುರ್ ಅನ್ನುವುದಿಲ್ಲ, ಹೆದರಿಕೆಗೆ ಅನ್ನುತ್ತದೆ. ಹೆದರಿಕೆ ಇಳಿದರೆ ಗುರ್‌ಗೆ ಕೆಲಸವಿಲ್ಲ. ಇದರ ಅರ್ಥ ನಾಯಿಗೆ ಯಾವುದಕ್ಕೂ ತಡೆ ಬೇಡ ಎಂದಲ್ಲ. ಮೈಮೇಲೆ ಹಾರುವ ನಾಯಿಗೆ ಬೆನ್ನು ತಿರುಗಿಸಿ, ಮರಿ ಕೈ ಕಚ್ಚಿ ಆಡಿದರೆ ಅರ್ಧ ನಿಮಿಷ ಎದ್ದುಹೋಗಿ. ಬೇಕಾದದ್ದು ಕೈತಪ್ಪುವುದೂ ಶಿಕ್ಷೆಯೇ, ಅದರಲ್ಲಿ ನೋವಿಲ್ಲ. ಆದರೆ ಹೆದರಿಕೆಯಿಂದ ಬರುವ ಗುರ್‌ಗೆ ಅದೂ ಬೇಡ.

ಕಚ್ಚಿಯೇ ಬಿಟ್ಟರೆ, ‘ಸಾಕುನಾಯಿ, ಲಸಿಕೆ ಆಗಿದೆ’ ಎಂದು ಕೂರಬೇಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ.

ಆ ಲ್ಯಾಬ್ ಈಗ ಯುಟಿಲಿಟಿಯಲ್ಲಿ ಬಾಗಿಲು ಹಾಕಿಕೊಂಡು ತಿನ್ನುತ್ತದೆ. ಮಗು ಎದ್ದು ಓಡಾಡುವ ಹೊತ್ತಿನಲ್ಲಿ ಮೂತಿಗೆ ಬುಟ್ಟಿಯಂಥ ಕುಕ್ಕೆ, ಅಂದರೆ ಬಾಸ್ಕೆಟ್ ಮಝಲ್. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದು, ಬಟ್ಟೆಯ ಪಟ್ಟಿಯಲ್ಲ. ಹತ್ತು ಅಡಿಯಿಂದ ಶುರುವಾದ ಕೆಲಸ ಆರನೇ ವಾರಕ್ಕೆ ಐದು ಅಡಿಗೆ ಬಂದಿದೆ. ಅದೇ ವಾರ ಮನೆಯ ಅಜ್ಜ ಅವಸರದಲ್ಲಿ ಎರಡು ಹೆಜ್ಜೆ ಹೆಚ್ಚು ಇಟ್ಟಾಗ ನಾಯಿ ಮೆಲ್ಲಗೆ ಗುರ್ ಅಂದಿತು. ಕೇಂದ್ರದಿಂದ ಬಂದ ಮೇಲೆ ಇದೇ ಮೊದಲು. ಮನೆಯವರು ಮತ್ತೆ ಕೆಟ್ಟಿತು ಎಂದು ಕಂಗಾಲಾದರು. ಅಜ್ಜ ಇದ್ದಲ್ಲೇ ನಿಂತು, ಹಿಂದೆ ಸರಿದು, ಒಂದು ತುಂಡು ಎಸೆದರು. ಮರುದಿನ ಏಳು ಅಡಿಯಿಂದ ಮತ್ತೆ ಶುರು.